ತಂತಿಯ ಕೆಳಗಿನ ನೆಲವನ್ನೂ ಲೆಕ್ಕಕ್ಕೆ ಹಿಡಿಯಿರಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಹ್ಯಾಮ್ (ಹವ್ಯಾಸಿ) ರೇಡಿಯೊ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರು ಮತ್ತು ಮಂಡ್ಯ ಜಿಲ್ಲೆಗಳವು. ಬಹುತೇಕ ಎಲ್ಲವೂ 160, 80 ಮತ್ತು 40 ಮೀಟರ್ ಬ್ಯಾಂಡ್‌ಗಳ, ಅಂದರೆ ಸುಮಾರು 1.8, 3.5 ಮತ್ತು 7 ಮೆಗಾಹರ್ಟ್ಸ್ ಆವರ್ತನಗಳ ಆಂಟೆನಾ ಕುರಿತವು. ಈ ಬ್ಯಾಂಡ್‌ಗಳಲ್ಲಿ ತರಂಗಾಂತರ ದೊಡ್ಡದು, ನಾವು ಎತ್ತಬಲ್ಲ ಕಂಬ ಗಿಡ್ಡದು. ಹಾಗಾಗಿ ಆಂಟೆನಾ ಎಷ್ಟೇ ಚೆನ್ನಾಗಿದ್ದರೂ ಅದು ನೆಲಕ್ಕೆ ಅಂಟಿಕೊಂಡಂತೆಯೇ ಇರುತ್ತದೆ, ಮತ್ತು ನೆಲವನ್ನು ಬಿಟ್ಟು ಮಾಡಿದ ಲೆಕ್ಕ ಸುಳ್ಳಾಗುತ್ತದೆ. ಕೆಳಗಿನ ಉತ್ತರಗಳನ್ನು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 30×40 ಅಡಿ ಸೈಟಿನ ಮನೆ. ತಾರಸಿಯ ಮೇಲೆ 40 ಮೀಟರ್ ಬ್ಯಾಂಡಿನ ಡೈಪೋಲ್ (ನಡುವಿನಲ್ಲಿ ಕೇಬಲ್ ಜೋಡಿಸುವ, ಎರಡು ಸಮ ತೋಳುಗಳ ತಂತಿ) ಕಟ್ಟಬೇಕೆಂದಿದ್ದೇನೆ. ಸಾಧ್ಯವಾದರೆ 80 ಮೀಟರ್ ಕೂಡ ಬೇಕು. ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ನೋಡಿದರೆ ವಿಕಿರಣವೆಲ್ಲ ನೆತ್ತಿಯ ಮೇಲಕ್ಕೇ ಹೋಗುವಂತೆ ಚಿತ್ರ ಬರುತ್ತಿದೆ. ಎಲ್ಲಿ ತಪ್ಪಾಗಿದೆ?

ಉತ್ತರ: ಎಲ್ಲಿಯೂ ತಪ್ಪಾಗಿಲ್ಲ. ಅಡ್ಡ ಡೈಪೋಲ್ ನೆಲದಿಂದ ಕಾಲು ತರಂಗಾಂತರದಷ್ಟು ಅಥವಾ ಅದಕ್ಕಿಂತ ಕಡಿಮೆ ಎತ್ತರದಲ್ಲಿದ್ದರೆ, ಕೆಳಕ್ಕೆ ಹೊರಟ ಅಲೆ ನೆಲಕ್ಕೆ ಬಡಿದು ಮೇಲೆ ಬಂದು, ಮೊದಲೇ ಮೇಲಕ್ಕೆ ಹೊರಟ ಅಲೆಯೊಂದಿಗೆ ಸೇರಿ ಅದನ್ನು ಬಲಪಡಿಸುತ್ತದೆ. ದಿಗಂತದ ಕಡೆಗೆ ಹೊರಟ ಅಲೆಗಳು ಮಾತ್ರ ಒಂದನ್ನೊಂದು ಅಳಿಸಿಹಾಕುತ್ತವೆ. 7.1 ಮೆಗಾಹರ್ಟ್ಸಿನಲ್ಲಿ ತರಂಗಾಂತರ ಸುಮಾರು 42 ಮೀಟರ್. ಆದ್ದರಿಂದ 10 ಮೀಟರ್ ಎತ್ತರವೆಂದರೆ ಹೆಚ್ಚುಕಡಿಮೆ ಕಾಲು ತರಂಗಾಂತರ. ಅದೇ ಎತ್ತರ 80 ಮೀಟರ್ ಬ್ಯಾಂಡಿಗೆ ಎಂಟನೆಯ ಒಂದು ಪಾಲು, 160ಕ್ಕೆ ಹದಿನಾರನೆಯ ಒಂದು ಪಾಲು. ಮುಖ್ಯ ಕಿರಣ 30 ಡಿಗ್ರಿಗೆ ಇಳಿಯಬೇಕಾದರೆ ಡೈಪೋಲ್ ಅರ್ಧ ತರಂಗಾಂತರದಷ್ಟು ಮೇಲಿರಬೇಕು. 80 ಮೀಟರ್ ಬ್ಯಾಂಡಿನಲ್ಲಿ ಅದು 42 ಮೀಟರ್ ಎತ್ತರ, ವಸತಿ ಬಡಾವಣೆಯಲ್ಲಿ ಯಾರೂ ಎತ್ತಲಾಗದ ಕಂಬ.

ಇನ್ನು ಇದು ದೋಷವೋ ಗುಣವೋ ಎಂಬುದು ನೀವು ಯಾರೊಂದಿಗೆ ಮಾತನಾಡಬೇಕು ಎಂಬುದನ್ನು ಅವಲಂಬಿಸಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ವಿನ್ಯಾಸ ಶುರುವಾಗಬೇಕಾದದ್ದು ಇಲ್ಲಿಂದಲೇ. ಭೂಮಿಯಿಂದ ಸುಮಾರು 300 ಕಿಲೋಮೀಟರ್ ಮೇಲಿರುವ, ಅಯಾನುಗೋಳದ ಎಫ್ ಪದರದಿಂದ ಪ್ರತಿಫಲಿಸಿ 400 ಕಿಲೋಮೀಟರ್ ದೂರದ ಹುಬ್ಬಳ್ಳಿಯ ಆಸುಪಾಸಿಗೆ ಇಳಿಯಬೇಕಾದ ಅಲೆ ಮೈಸೂರಿನಿಂದ ಸುಮಾರು 55 ಡಿಗ್ರಿ ಕೋನದಲ್ಲಿ ಹೊರಡಬೇಕು. 2000 ಕಿಲೋಮೀಟರ್ ದೂರಕ್ಕೆ ಒಂದೇ ನೆಗೆತದಲ್ಲಿ ಹೋಗಬೇಕಾದರೆ ಆ ಕೋನ 12 ಡಿಗ್ರಿಯಷ್ಟು ಕೆಳಗಿರಬೇಕು. ಬೆಂಗಳೂರು, ಮಂಗಳೂರು, ಕೊಚ್ಚಿ, ಚೆನ್ನೈಗಳೊಂದಿಗೆ ಮಾತನಾಡುವವರಿಗೆ ಹೀಗೆ ನೆಲಕ್ಕೆ ಹತ್ತಿರವಿರುವ ಡೈಪೋಲ್‌ಗಿಂತ ಒಳ್ಳೆಯ ಆಂಟೆನಾ ಇಲ್ಲ. ಮಡಿಕೇರಿಯಂತಹ ಊರಿನ ಸುತ್ತ ಗುಡ್ಡಗಳಿರುವುದರಿಂದ ಬಹುತೇಕ ನೇರ ಗೆರೆಯಲ್ಲಿ ಸಾಗುವ ವಿಎಚ್‌ಎಫ್ (ಅತ್ಯುನ್ನತ ಆವರ್ತನ) ಸಂಪರ್ಕ ಕಡಿದುಹೋಗುವಲ್ಲಿಯೂ, ನೆತ್ತಿಯಿಂದ ಇಳಿದುಬರುವ ಈ ಅಲೆಗೆ ಗುಡ್ಡ ಅಡ್ಡಿಯಾಗುವುದಿಲ್ಲ. ಹಗಲಿನಲ್ಲಿ 40, ಸಂಜೆಯ ನಂತರ ಮತ್ತು ನಸುಕಿನಲ್ಲಿ 80 ಮೀಟರ್ ಎಂಬುದು ಸಾಮಾನ್ಯ ಪಾಠ. ಹಗಲಿನಲ್ಲಿ ಕೆಳಗಿನ ಡಿ ಪದರ 3.5 ಮೆಗಾಹರ್ಟ್ಸಿನ ಅಲೆಯನ್ನು ಹೀರಿಬಿಡುತ್ತದೆ. ಬೆಳಗಿನ ಜಾವಕ್ಕೆ ಎಫ್ ಪದರ ಸೊರಗಿರುವುದರಿಂದ 7 ಮೆಗಾಹರ್ಟ್ಸಿನ ಅಲೆ ಪ್ರತಿಫಲಿಸದೆ ಆಕಾಶಕ್ಕೆ ಹೊರಟುಹೋಗಬಹುದು.

ಈಗ ನಿಮ್ಮ ಸೈಟಿನ ಲೆಕ್ಕಕ್ಕೆ ಬರೋಣ. 143ನ್ನು ಮೆಗಾಹರ್ಟ್ಸಿನಲ್ಲಿರುವ ಆವರ್ತನದಿಂದ ಭಾಗಿಸಿದರೆ ಅರ್ಧ ತರಂಗದ ಡೈಪೋಲಿನ ಉದ್ದ ಮೀಟರುಗಳಲ್ಲಿ ಸಿಗುತ್ತದೆ, 7.1ಕ್ಕೆ ಅದು 20.14 ಮೀಟರ್, ಅಂದರೆ ಒಂದೊಂದು ತೋಳು 10.07 ಮೀಟರ್. 30×40 ಅಡಿ ಸೈಟಿನ ಕರ್ಣ 50 ಅಡಿ, 15.24 ಮೀಟರ್. ತಾರಸಿಯ ನಡುವೆ ನೆಲದಿಂದ 12 ಮೀಟರ್ ಎತ್ತರಕ್ಕೆ ಒಂದು ಗಳ ನಿಲ್ಲಿಸಿ, ಎದುರುಬದುರು ಎರಡು ಮೂಲೆಗಳಲ್ಲಿ 9.5 ಮೀಟರ್ ಎತ್ತರದ ಪೈಪುಗಳಿಗೆ ತಂತಿಯನ್ನು ಇಳಿಜಾರಾಗಿ ಎಳೆದರೆ, ಒಂದೊಂದು ತೋಳಿನಲ್ಲಿ ಸುಮಾರು 8 ಮೀಟರ್ ಖರ್ಚಾಗುತ್ತದೆ. ಉಳಿದ 2 ಮೀಟರನ್ನು ಮೂಲೆಯಲ್ಲಿ ತಿರುಗಿಸಿ, ಅದೇ ಎತ್ತರದಲ್ಲಿ ಪಕ್ಕದ ಅಂಚಿನ ಗುಂಟ ಇನ್ನೊಂದು ಗಳಕ್ಕೆ ಕಟ್ಟಿ. ಎರಡೂ ತುದಿಗಳು ವಿರುದ್ಧ ದಿಕ್ಕಿಗೆ ತಿರುಗಲಿ. ಡೈಪೋಲಿನಲ್ಲಿ ಕರೆಂಟು ನಡುವಿನಲ್ಲಿ ಹೆಚ್ಚು, ತುದಿಯಲ್ಲಿ ಸೊನ್ನೆಯ ಸಮೀಪ. ಆದ್ದರಿಂದ ತುದಿಯನ್ನು ಬಗ್ಗಿಸಿದರೆ ಹೆಚ್ಚು ನಷ್ಟವಿಲ್ಲ. ಆದರೆ ವೋಲ್ಟೇಜು ಅಲ್ಲಿಯೇ ಅತಿ ಹೆಚ್ಚು. ತಾರಸಿಯಲ್ಲಿ ಬಟ್ಟೆ ಒಣಗಿಸುವವರ ಕೈಗೆ ಆ ತುದಿ ಯಾವ ಕಾರಣಕ್ಕೂ ಎಟುಕಬಾರದು.

80 ಮೀಟರಿಗೆ ಬೇಕಾದ 40 ಮೀಟರ್ ತಂತಿ ನಿಮ್ಮಲ್ಲಿ ಹಿಡಿಯುವುದಿಲ್ಲ. ತೋಳುಗಳಲ್ಲಿ ಲೋಡಿಂಗ್ ಕಾಯಿಲ್ (ಗಿಡ್ಡ ತಂತಿಯನ್ನು ಉದ್ದದ್ದರಂತೆ ಅನುರಣಿಸುವಂತೆ ಮಾಡುವ ತಂತಿಸುರುಳಿ) ಸೇರಿಸಿ ಗಿಡ್ಡ ಮಾಡಬಹುದು, ಬ್ಯಾಂಡಿನ ಒಂದು ಸಣ್ಣ ಭಾಗದಲ್ಲಷ್ಟೇ ಅದು ಸರಿಯಾಗಿ ಹೊಂದುತ್ತದೆ. ಇದನ್ನು ಮಾಡೆಲ್ ಮಾಡುವಾಗ ಬಹಳ ಜನ ಕಾಯಿಲಿನ ಇಂಡಕ್ಟನ್ಸ್ ಮಾತ್ರ ಬರೆದು, ಅದರ ರೋಧವನ್ನು ಬರೆಯುವುದಿಲ್ಲ. ಆಗ ಗಿಡ್ಡ ಆಂಟೆನಾ ಪೂರ್ಣ ಉದ್ದದ್ದಕ್ಕೆ ಸಮವೆಂಬ ಭ್ರಮೆ ಹುಟ್ಟುತ್ತದೆ. ಕಾಯಿಲಿನ ರಿಯಾಕ್ಟನ್ಸ್ 500 ಓಮ್ ಇದ್ದು ಅದರ ಕ್ಯೂ (ರಿಯಾಕ್ಟನ್ಸ್ ರೋಧದ ಎಷ್ಟು ಪಟ್ಟು ಎಂಬುದು) 200 ಇದ್ದರೆ, 500ನ್ನು 200ರಿಂದ ಭಾಗಿಸಿ ಬಂದ 2.5 ಓಮ್ ರೋಧವನ್ನು ಪ್ರತಿ ಕಾಯಿಲಿಗೂ ಬರೆಯಲೇಬೇಕು.

ಪ್ರಶ್ನೆ: ನಾನು ಸರಸ್ವತಿಪುರಂನಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿ. 8 ಮೀಟರ್ ಎತ್ತರದ 80 ಮೀಟರ್ ಡೈಪೋಲನ್ನು ಎರಡು ಉಚಿತ ಸಾಫ್ಟ್‌ವೇರ್‌ಗಳಲ್ಲಿ ಹಾಕಿದೆ. ಒಂದು ಸಾಫ್ಟ್‌ವೇರ್ ಫೀಡ್ ಬಿಂದುವಿನ (ಕೇಬಲ್ ಬಂದು ಸೇರುವ ಜಾಗದ) ರೋಧ 20 ಓಮ್ ಸಮೀಪವೆಂದಿತು. ಇನ್ನೊಂದು ಅದರ ಎರಡು ಪಟ್ಟಿಗೂ ಹೆಚ್ಚು ಹೇಳಿತು. ಗೇನ್ (ಒಂದು ದಿಕ್ಕಿಗೆ ವಿಕಿರಣ ಎಷ್ಟು ಬಲವಾಗಿದೆ ಎಂಬ ಅಳತೆ) ಕೂಡ ಬೇರೆಬೇರೆ. ಯಾವುದನ್ನು ನಂಬಬೇಕು?

ಉತ್ತರ: ಹೆಚ್ಚು ರೋಧ ಹೇಳಿದ್ದನ್ನು. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೆಳ ಬ್ಯಾಂಡಿನ ಮಾಡೆಲಿಂಗ್‌ನಲ್ಲಿ ಜನ ಎಡವುವುದು ಬಹುಪಾಲು ಇಲ್ಲಿಯೇ.

ಇಂದು ಬಳಕೆಯಲ್ಲಿರುವ ಹವ್ಯಾಸಿ ಸಾಫ್ಟ್‌ವೇರ್‌ಗಳ ಹೊಟ್ಟೆಯೊಳಗೆ ಸಾಮಾನ್ಯವಾಗಿ ಎರಡು ಎಂಜಿನ್‌ಗಳಲ್ಲಿ ಒಂದಿರುತ್ತದೆ. ಮೊದಲನೆಯದು ಅಮೆರಿಕದ ಲಾರೆನ್ಸ್ ಲಿವರ್ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆದ ನೆಕ್. ಇದರ ಎರಡನೆಯ ಆವೃತ್ತಿ, ನೆಕ್-2, ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. 4ನೆಕ್2, ಲಿನಕ್ಸಿನ ಎಕ್ಸ್‌ನೆಕ್2ಸಿ ಮತ್ತು 2022ರಿಂದ ಉಚಿತವಾಗಿರುವ ಈಝಿನೆಕ್ ಇದನ್ನೇ ನೆಚ್ಚಿಕೊಂಡಿವೆ. ಎರಡನೆಯದು ಚಿಕ್ಕ ಕಂಪ್ಯೂಟರುಗಳಿಗಾಗಿ ಬರೆದ ಮಿನಿನೆಕ್. ಎಂಮಾನಾ-ಗಾಲ್ ಇದರ ಮೇಲೆ ನಿಂತಿದೆ. ಎರಡೂ ತಂತಿಯನ್ನು ಸೆಗ್ಮೆಂಟ್ ಎಂಬ ಚಿಕ್ಕ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಕರೆಂಟನ್ನು ಕಂಡುಹಿಡಿದು, ಅದರಿಂದ ವಿಕಿರಣವನ್ನು ಲೆಕ್ಕ ಹಾಕುತ್ತವೆ. ವ್ಯತ್ಯಾಸವಿರುವುದು ನೆಲದ ವಿಷಯದಲ್ಲಿ. ಮಿನಿನೆಕ್ ಕರೆಂಟನ್ನು ಮತ್ತು ಫೀಡ್ ರೋಧವನ್ನು ಲೆಕ್ಕ ಹಾಕುವಾಗ ಕೆಳಗೆ ನಷ್ಟವೇ ಇಲ್ಲದ ಪರಿಪೂರ್ಣ ವಾಹಕ ನೆಲವಿದೆ ಎಂದು ಭಾವಿಸುತ್ತದೆ. ನೀವು ಕೊಟ್ಟ ನಿಜವಾದ ನೆಲವನ್ನು ದೂರದ ವಿಕಿರಣದ ಚಿತ್ರ ಬಿಡಿಸುವಾಗ ಮಾತ್ರ ಬಳಸುತ್ತದೆ. ಆದ್ದರಿಂದ ಸುಮಾರು ಕಾಲು ತರಂಗಾಂತರಕ್ಕಿಂತ ಕೆಳಗಿರುವ ಅಡ್ಡ ತಂತಿಗೆ ಅದು ನಿಜಕ್ಕಿಂತ ಕಡಿಮೆ ರೋಧವನ್ನೂ, ನಿಜಕ್ಕಿಂತ ಹೆಚ್ಚು ಗೇನನ್ನೂ ತೋರಿಸುತ್ತದೆ. ನಿಮ್ಮ ಡೈಪೋಲ್ ಇರುವುದು ತರಂಗಾಂತರದ ಹತ್ತನೆಯ ಒಂದು ಪಾಲಿಗಿಂತಲೂ ಸ್ವಲ್ಪ ಕೆಳಗೆ. ಅಷ್ಟು ಹತ್ತಿರದಲ್ಲಿ ಶಕ್ತಿಯ ಒಂದು ದೊಡ್ಡ ಪಾಲು ಮಣ್ಣನ್ನು ಕಾಯಿಸುತ್ತದೆ; ಆ ನಷ್ಟವೇ ರೋಧವಾಗಿ ಫೀಡ್ ಬಿಂದುವಿನಲ್ಲಿ ಕಾಣಿಸಿಕೊಳ್ಳುತ್ತದೆ.

ನೆಕ್ ಬಳಸುವಾಗಲೂ ನೆಲದ ಆಯ್ಕೆಯಲ್ಲಿ, ನಿಜವಾದ ನೆಲವನ್ನು ಹೆಚ್ಚು ನಿಖರವಾಗಿ ಲೆಕ್ಕಕ್ಕೆ ಹಿಡಿಯುವ ಸೊಮ್ಮರ್‌ಫೆಲ್ಡ್ ವಿಧಾನವನ್ನೇ ಆರಿಸಬೇಕು. ವೇಗಕ್ಕಾಗಿ ಇಟ್ಟಿರುವ ಸರಳ ಪ್ರತಿಫಲನ ವಿಧಾನ ನೆಲಕ್ಕೆ ಹತ್ತಿರವಿರುವ ಆಂಟೆನಾಗಳಿಗೆ ತಕ್ಕುದಲ್ಲ. ನೆಕ್‌ನ ಕಡತದಲ್ಲಿ ಒಂದೊಂದು ಸಾಲನ್ನು ಇಂದಿಗೂ ಕಾರ್ಡ್ ಎಂದೇ ಕರೆಯುತ್ತಾರೆ, ತೂತು ಹೊಡೆದ ಕಾರ್ಡುಗಳ ಕಾಲದಿಂದ ಉಳಿದುಬಂದ ರೂಢಿ ಅದು. 10 ಮೀಟರ್ ಎತ್ತರದ 40 ಮೀಟರ್ ಡೈಪೋಲಿಗೆ ತಂತಿಯ ಕಾರ್ಡಿನಲ್ಲಿ 1, 21, 0, -10.07, 10, 0, 10.07, 10, 0.0007 ಎಂಬ ಸಂಖ್ಯೆಗಳಿರುತ್ತವೆ. ಮೊದಲನೆಯದು ತಂತಿಯ ಗುರುತು, ಎರಡನೆಯದು ಸೆಗ್ಮೆಂಟುಗಳು, ನಂತರ ಎರಡು ತುದಿಗಳ ಸ್ಥಾನ, ಕೊನೆಯದು ಮೀಟರಿನಲ್ಲಿ ತಂತಿಯ ತ್ರಿಜ್ಯ, 1.5 ಚದರ ಮಿಲಿಮೀಟರಿನ ವೈರಿಂಗ್ ತಂತಿಯ ತಾಮ್ರಕ್ಕೆ ಇದು ಸರಿಹೊಂದುತ್ತದೆ. 21 ಎಂಬ ಬೆಸ ಸಂಖ್ಯೆ ಏಕೆಂದರೆ, ಆಗ ಹನ್ನೊಂದನೆಯ ಸೆಗ್ಮೆಂಟು ಸರಿಯಾಗಿ ನಡುವಿಗೆ ಬಂದು ಫೀಡ್ ಕೊಡಲು ಜಾಗ ಸಿಗುತ್ತದೆ. ನೆಲದ ಕಾರ್ಡಿನಲ್ಲಿ ಮೊದಲ ಅಂಕಿ 2 ಆದರೆ ಸೊಮ್ಮರ್‌ಫೆಲ್ಡ್, 0 ಆದರೆ ಸರಳ ವಿಧಾನ. ಈ ಒಂದು ಅಂಕಿಯನ್ನು ನೋಡದೆ ಬಿಟ್ಟು ದಿನಗಟ್ಟಲೆ ಉದ್ದ ಬದಲಿಸುತ್ತ ಕೂರುವುದಕ್ಕಿಂತ, ಕಡತವನ್ನು ಒಮ್ಮೆ ಕಣ್ಣಿನಿಂದ ಓದುವುದು ಮೇಲು.

ಉತ್ತರ ನಂಬಲರ್ಹವೇ ಎಂದು ನೋಡಲು ಎರಡು ಪರೀಕ್ಷೆಗಳಿವೆ. ಸೆಗ್ಮೆಂಟುಗಳನ್ನು ದುಪ್ಪಟ್ಟು ಮಾಡಿ ಮತ್ತೆ ಓಡಿಸಿ. ಫಲಿತಾಂಶ ಗಮನಾರ್ಹವಾಗಿ ಅಲುಗಾಡಿದರೆ ಮೊದಲಿನದು ಸಾಲದು ಎಂದರ್ಥ. ಆಮೇಲೆ ನೆಲವನ್ನೂ ಎಲ್ಲ ನಷ್ಟಗಳನ್ನೂ ತೆಗೆದುಹಾಕಿ, ಎಲ್ಲ ದಿಕ್ಕುಗಳ ಸರಾಸರಿ ಗೇನ್ ನೋಡಿ. ಅದು 1ಕ್ಕೆ ಬಹಳ ಸಮೀಪವಿರಬೇಕು, ಏಕೆಂದರೆ ನಷ್ಟವಿಲ್ಲದ ಆಂಟೆನಾ ಕೊಟ್ಟಷ್ಟನ್ನೇ ಹೊರಗೆ ಹಾಕುತ್ತದೆ. 1.2 ಎಂದೋ 0.8 ಎಂದೋ ಬಂದರೆ ಮಾಡೆಲಿನಲ್ಲೇ ಕೊರತೆಯಿದೆ: ದಪ್ಪ ಪೈಪಿಗೆ ತೆಳು ತಂತಿ ಕೂಡಿಸಿದ್ದೀರಿ, ಅಥವಾ ಎರಡು ತಂತಿಗಳನ್ನು ತೀರ ಕಿರಿದಾದ ಕೋನದಲ್ಲಿ ಸೇರಿಸಿದ್ದೀರಿ. ಈ ಎರಡೂ ನೆಕ್-2ಕ್ಕೆ ಕಷ್ಟದ ಸಂದರ್ಭಗಳು.

ನೆಲದ ಗುಣಕ್ಕೆ ಎಲ್ಲರೂ ವಾಹಕತೆ ಮೀಟರಿಗೆ 0.005 ಸೀಮೆನ್ಸ್, ಡೈಎಲೆಕ್ಟ್ರಿಕ್ ಸ್ಥಿರಾಂಕ 13 ಎಂದು ಬರೆಯುತ್ತಾರೆ. ಅದು ಸರಾಸರಿ ಮಣ್ಣು. ಮೈಸೂರಿನ ಸುತ್ತಲಿನ ಕೆಂಪು ಮರಳುಮಣ್ಣು, ಅದರ ಕೆಳಗೆ ಬೇಗನೆ ಸಿಗುವ ಬಂಡೆ, ಮಂಡ್ಯ ಜಿಲ್ಲೆಯ ನೀರುಂಡ ಗದ್ದೆ, ಇವೆಲ್ಲಕ್ಕೂ ಒಂದೇ ಸಂಖ್ಯೆ ಹೊಂದುವುದಿಲ್ಲ. ಈ ಆವರ್ತನಗಳ ಅಲೆ ಮಣ್ಣಿನೊಳಗೆ ಮೀಟರುಗಟ್ಟಲೆ ಇಳಿಯುವುದರಿಂದ, ಮೇಲಿನ ಒಂದಡಿ ಮಣ್ಣನ್ನು ಅಳೆದರೂ ಪೂರ್ಣ ಉತ್ತರ ಸಿಗುವುದಿಲ್ಲ. ಬಡ ನೆಲಕ್ಕೆ 0.001 ಮತ್ತು 5, ಒಳ್ಳೆಯ ನೆಲಕ್ಕೆ 0.03 ಮತ್ತು 20 ಎಂದು ಕೊಟ್ಟು, ಮೂರು ಸಲ ಓಡಿಸಿ ನೋಡಿ. ಮೂರರಲ್ಲೂ ಒಳ್ಳೆಯದಾಗಿ ಕಾಣುವ ಆಂಟೆನಾವನ್ನು ಕಟ್ಟಿ.

ಪ್ರಶ್ನೆ: ಪಾಂಡವಪುರ ತಾಲ್ಲೂಕಿನಲ್ಲಿ ನಮಗೆ ವಿಶ್ವೇಶ್ವರಯ್ಯ ನಾಲೆಯ ನೀರಿನ ಗದ್ದೆಯೂ, ಪಕ್ಕದಲ್ಲಿ ತೆಂಗಿನ ತೋಟವೂ ಇದೆ. 160 ಮೀಟರ್ ಬ್ಯಾಂಡಿಗೆ ಇನ್ವರ್ಟೆಡ್ ಎಲ್ (ನೇರ ಮೇಲಕ್ಕೆ ಹೋಗಿ ಅಡ್ಡಕ್ಕೆ ತಿರುಗುವ ತಂತಿ) ಕಟ್ಟುವ ಆಸೆ. ಗದ್ದೆಯಲ್ಲಿ ಸದಾ ನೀರಿರುವುದರಿಂದ ಬುಡದಿಂದ ಸುತ್ತಲೂ ಹರಡುವ ರೇಡಿಯಲ್ ತಂತಿಗಳಿಲ್ಲದೆ ಒಂದು ಅರ್ಥಿಂಗ್ ರಾಡ್ ಹೊಡೆದರೆ ಸಾಕೆ?

ಉತ್ತರ: ಸಾಲದು. ಈ ನಂಬಿಕೆ ವ್ಯಾಪಕವಾಗಿರುವುದರಿಂದ ಅಂಕಿಗಳನ್ನೇ ನೋಡೋಣ. ಸಮುದ್ರದ ಉಪ್ಪುನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್. ನಾಲೆಯ ಸಿಹಿನೀರಿನದು ಸಾಮಾನ್ಯವಾಗಿ ಅದರ ನೂರನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ತಾಮ್ರದ್ದು ಸುಮಾರು 5.8 ಕೋಟಿ ಸೀಮೆನ್ಸ್. ಕರೆಂಟು ಆಂಟೆನಾದ ಬುಡಕ್ಕೆ ಮರಳಿ ಬರಬೇಕಾದ ದಾರಿಯನ್ನು ನೀರಿನ ಕೈಗೆ ಒಪ್ಪಿಸುವುದಕ್ಕೂ ತಾಮ್ರದ ಕೈಗೆ ಒಪ್ಪಿಸುವುದಕ್ಕೂ ಇರುವ ಅಂತರ ಇದು. ಗದ್ದೆಯ ತೇವ ನಿಮಗೆ ನೆರವಾಗುವುದು ಬೇರೆ ಕಡೆ: ಆಂಟೆನಾದಿಂದ ಹಲವು ತರಂಗಾಂತರ ದೂರದವರೆಗಿನ ನೆಲ ಚೆನ್ನಾಗಿದ್ದರೆ ಲಂಬ ಆಂಟೆನಾದ ಕೆಳಕೋನದ ವಿಕಿರಣ ಸುಧಾರಿಸುತ್ತದೆ. ಆ ಭಾಗ್ಯ ಮೈಸೂರಿನ ಬಂಡೆಯ ಮೇಲೆ ಕೂತವರಿಗಿಲ್ಲ.

ನಿಮ್ಮ ಆಂಟೆನಾಕ್ಕೆ ಒಂದು ಅಂದಾಜು ಮಾಡೋಣ. 1.84 ಮೆಗಾಹರ್ಟ್ಸಿಗೆ ತರಂಗಾಂತರ 163 ಮೀಟರ್. ಕಾಲು ತರಂಗದ ತಂತಿ ಸುಮಾರು 39 ಮೀಟರ್. ತೆಂಗಿನ ಮರದ ಆಸರೆಯಲ್ಲಿ 15 ಮೀಟರ್ ನೇರ ಮೇಲಕ್ಕೆ ಹೋಗಿ, ಉಳಿದ 24 ಮೀಟರ್ ಇನ್ನೊಂದು ಮರಕ್ಕೆ ಅಡ್ಡ ಹೋಗಲಿ. ಲಂಬ ಭಾಗದಲ್ಲಿ ಕರೆಂಟು ಬುಡದಿಂದ ತುದಿಯವರೆಗೂ ಚೆನ್ನಾಗಿರುವುದರಿಂದ ವಿಕಿರಣ ರೋಧ (ಅಲೆಯಾಗಿ ಹೊರಹೋಗುವ ಶಕ್ತಿ ರೋಧದ ರೂಪದಲ್ಲಿ ಕಾಣುವ ಪಾಲು) ಸುಮಾರು 12 ಓಮ್ ಬರುತ್ತದೆ. ನೆಲದ ನಷ್ಟ ರೋಧ ಇದರೊಂದಿಗೆ ಸರಣಿಯಲ್ಲಿ ಸೇರಿಕೊಳ್ಳುತ್ತದೆ. ನಾಲ್ಕಾರು ತಂತಿ ಹಾಕಿದಾಗ ನಷ್ಟ 30 ಓಮ್ ಇದೆ ಎಂದಿಟ್ಟುಕೊಂಡರೆ, ನೀವು ಕೊಟ್ಟ 100 ವಾಟಿನಲ್ಲಿ 29 ವಾಟ್ ಮಾತ್ರ ಹೊರಗೆ ಹೋಗಿ, ಉಳಿದ 71 ವಾಟ್ ಮಣ್ಣು ಬೆಚ್ಚಗಾಗಲು ಖರ್ಚಾಗುತ್ತದೆ. ರೇಡಿಯಲ್‌ಗಳನ್ನು ಹೆಚ್ಚಿಸಿ ನಷ್ಟವನ್ನು 8 ಓಮಿಗೆ ತಂದರೆ 60 ವಾಟ್ ಹೊರಗೆ ಹೋಗುತ್ತದೆ. ಆಂಪ್ಲಿಫೈಯರ್ ಕೊಳ್ಳದೆಯೇ ಸಿಗ್ನಲ್ ಎರಡು ಪಟ್ಟಾದಂತೆ. ಅಡ್ಡ ತಂತಿ ಇಲ್ಲದ, ಬುಡದಲ್ಲಿ ಕಾಯಿಲ್ ಇರುವ 10 ಮೀಟರ್ ಗಳಕ್ಕಾದರೆ ಇದೇ ಬ್ಯಾಂಡಿನಲ್ಲಿ ವಿಕಿರಣ ರೋಧ 1.5 ಓಮ್ ಅಷ್ಟೆ. ಅದರ ಮುಂದೆ ಯಾವ ನೆಲವೂ ಕೆಟ್ಟದ್ದೇ. ಆದ್ದರಿಂದ ಇನ್ವರ್ಟೆಡ್ ಎಲ್ ಆರಿಸಿದ ನಿಮ್ಮ ನಿರ್ಧಾರವನ್ನು ಮನಸಾರೆ ಮೆಚ್ಚುತ್ತೇನೆ.

ರೇಡಿಯಲ್ ಎಷ್ಟು ಎಂಬ ಪ್ರಶ್ನೆಗೆ ಪ್ರಸಾರ ಕೇಂದ್ರಗಳಲ್ಲಿ 120 ಎಂಬ ರೂಢಿಯಿದೆ. ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೈನ್ ಎಂಬ ಎಂಜಿನಿಯರುಗಳು 1937ರಲ್ಲಿ ಪ್ರಕಟಿಸಿದ ಪ್ರಯೋಗಗಳು ಅದಕ್ಕೆ ಬುನಾದಿ. ನಮಗೆ ಅಷ್ಟು ಬೇಕಿಲ್ಲ, ಆದರೆ ಅವರ ಕೆಲಸದಿಂದ ಕಲಿಯಬೇಕಾದ ಪಾಠವಿದೆ. ನೆಲದ ಮೇಲೆ ಹಾಸುವ ತಂತಿ ಸ್ವಲ್ಪವೇ ಇದ್ದರೆ, ಅದನ್ನು ಕೆಲವೇ ಉದ್ದ ರೇಡಿಯಲ್‌ಗಳಾಗಿ ಹಾಕುವುದಕ್ಕಿಂತ ಹಲವು ಗಿಡ್ಡ ರೇಡಿಯಲ್‌ಗಳಾಗಿ ಹರಡುವುದು ಲೇಸು, ಏಕೆಂದರೆ ನಷ್ಟ ಹೆಚ್ಚಾಗುವುದು ಕರೆಂಟು ದಟ್ಟವಾಗಿರುವ ಬುಡದ ಸುತ್ತ. 200 ಮೀಟರ್ ತಂತಿಯಿದ್ದರೆ 40 ಮೀಟರಿನ ಐದಕ್ಕಿಂತ 10 ಮೀಟರಿನ ಇಪ್ಪತ್ತನ್ನು ಹಾಕಿ. ಮಣ್ಣಿಗೆ ತಾಗಿರುವ ರೇಡಿಯಲ್‌ಗೆ ನಿಖರ ಉದ್ದದ ಹಂಗಿಲ್ಲ, ಅದು ನೇರವಾಗಿಯೇ ಇರಬೇಕೆಂದೂ ಇಲ್ಲ.

ಉಳುಮೆಯ ತೊಂದರೆ ನಿಜವಾದದ್ದು. ಗದ್ದೆಯೊಳಗೆ ಹೂತ ತಂತಿ ಮೊದಲ ಉಳುಮೆಗೇ ಟ್ರ್ಯಾಕ್ಟರಿನ ನೇಗಿಲಿಗೆ ಸಿಕ್ಕಿಬೀಳುತ್ತದೆ. ಆಂಟೆನಾದ ಬುಡವನ್ನು ತೋಟದೊಳಗೆ ಇಟ್ಟು, ತಂತಿಗಳನ್ನು ಮರಗಳ ಸಾಲಿನ ನಡುವೆಯೂ ಬದುಗಳ ಗುಂಟವೂ ಹಾಯಿಸಿ. ಇಲ್ಲವಾದರೆ ತೋಟದಲ್ಲಿ 3 ಮೀಟರ್ ಎತ್ತರದಲ್ಲಿ ಎರಡರಿಂದ ನಾಲ್ಕು ಕಾಲು ತರಂಗದ ರೇಡಿಯಲ್‌ಗಳನ್ನು ಎಳೆದರೂ ಕೆಲಸವಾಗುತ್ತದೆ. ಆದರೆ ಎತ್ತರಿಸಿದ ರೇಡಿಯಲ್‌ಗಳು ಆಂಟೆನಾದಂತೆಯೇ ಅನುರಣಿಸಬೇಕು, ಒಂದಕ್ಕೊಂದು ಸಮನಾಗಿರಬೇಕು, ಮತ್ತು ಕೋಆಕ್ಸ್ ಕೇಬಲಿಗೆ ಬುಡದಲ್ಲೇ, ಅದರ ಹೊರಮೈಯ ಕರೆಂಟನ್ನು ತಡೆಯುವ ಚೋಕ್ ಇರಬೇಕು. ಇಲ್ಲದಿದ್ದರೆ ಕೇಬಲಿನ ಹೊರಮೈಯೇ ಇನ್ನೊಂದು ರೇಡಿಯಲ್ ಆಗಿಬಿಡುತ್ತದೆ. ಮಾಡೆಲ್ ಮಾಡುವುದಾದರೆ, ನೆಕ್-2ಕ್ಕೆ ಮಣ್ಣಿನೊಳಗಿನ ತಂತಿಯನ್ನು ಲೆಕ್ಕ ಹಾಕಲು ಬರುವುದಿಲ್ಲ ಎಂಬುದು ನೆನಪಿರಲಿ. ನೆಲದಿಂದ 15 ಸೆಂಟಿಮೀಟರಿನಷ್ಟು ಮೇಲೆ ಹಾಸಿದಂತೆ ಬರೆದರೆ, ನೆಲದ ಮೇಲಿನ ರೇಡಿಯಲ್‌ಗಳ ಒಂದು ಅಂದಾಜು ಸಿಗುತ್ತದೆ.

ಮರಗಳ ಬಗ್ಗೆ ಎರಡು ಮಾತು. ತೆಂಗು ಗಾಳಿಗೆ ಬಹಳ ತೂಗುತ್ತದೆ. ಅಡ್ಡ ತಂತಿಯ ದೂರದ ತುದಿಯನ್ನು ಮರಕ್ಕೆ ಬಿಗಿಯಾಗಿ ಕಟ್ಟದೆ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ಒಂದು ಕಲ್ಲನ್ನೋ ಮರಳಿನ ಕ್ಯಾನನ್ನೋ ನೇತುಹಾಕಿ, ಮರ ತೂಗಿದಂತೆಲ್ಲ ಅದು ಏರಿ ಇಳಿಯಲಿ. ಲಂಬ ತಂತಿಯನ್ನು ಕಾಂಡದಿಂದ ಒಂದು ಮೀಟರಾದರೂ ದೂರವಿಡಿ, ಗರಿಗಳಿಗೆ ತಾಗದಂತೆ ನೋಡಿಕೊಳ್ಳಿ. ಹಸಿ ಮರ ಶಕ್ತಿಯನ್ನು ಹೀರುತ್ತದೆ, ಮತ್ತು ನಿಮ್ಮ ಮಾಡೆಲಿನಲ್ಲಿ ಮರವೇ ಇಲ್ಲ. ಬುಡದಲ್ಲಿನ ರೋಧವನ್ನು ಗದ್ದೆಯಲ್ಲಿ ನೀರಿರುವಾಗ ಒಮ್ಮೆ, ನಾಲೆ ನಿಂತು ನೆಲ ಒಣಗಿದ ಮೇಲೆ ಒಮ್ಮೆ ಅಳೆದು ಬರೆದಿಡಿ. ಎರಡರ ನಡುವೆ ದೊಡ್ಡ ಅಂತರ ಕಂಡರೆ, ಕರೆಂಟು ಇನ್ನೂ ಮಣ್ಣಿನ ದಾರಿ ಹಿಡಿದಿದೆ, ರೇಡಿಯಲ್ ಹೆಚ್ಚಿಸಬೇಕು ಎಂದು ತಿಳಿಯಿರಿ.

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ 40 ಮೀಟರ್ ಬ್ಯಾಂಡಿಗೆ 10 ಮೀಟರಿನ ಲಂಬ ಆಂಟೆನಾ ನಿಲ್ಲಿಸಿ 4 ರೇಡಿಯಲ್ ಹಾಕಿದ್ದಾಗ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲಿಗೆ ಎಷ್ಟು ಹೊಂದಿದೆ ಎಂಬ ಅಳತೆ; 1:1 ಎಂದರೆ ಪೂರ್ಣ ಹೊಂದಿಕೆ) 1:1 ಇತ್ತು. ಇನ್ನೂ 16 ಸೇರಿಸಿದ ಮೇಲೆ ಅದು 1.25ಕ್ಕೆ ಏರಿದೆ. ಹೊಸ ತಂತಿಗಳನ್ನು ತೆಗೆದುಬಿಡಲೇ?

ಉತ್ತರ: ದಯವಿಟ್ಟು ತೆಗೆಯಬೇಡಿ. ಕಾಲು ತರಂಗದ ಲಂಬ ಆಂಟೆನಾದ ವಿಕಿರಣ ರೋಧ ಸುಮಾರು 36 ಓಮ್. ಮೊದಲು ನೆಲದ ನಷ್ಟ 14 ಓಮ್ ಸೇರಿ ಒಟ್ಟು ಕೇಬಲಿನ 50 ಓಮಿಗೆ ಸಮನಾಗಿದ್ದರಿಂದ ಮೀಟರು 1:1 ತೋರಿಸಿತು. ಆಗ ಶಕ್ತಿಯ 72 ಶೇಕಡಾ ಮಾತ್ರ ಹೊರಗೆ ಹೋಗುತ್ತಿತ್ತು. ಈಗ ನಷ್ಟ 4 ಓಮಿಗೆ ಇಳಿದು ಒಟ್ಟು 40 ಆಗಿದೆ. 90 ಶೇಕಡಾ ಹೊರಗೆ ಹೋಗುತ್ತಿದೆ. 1.25ರಿಂದ ಟ್ರಾನ್ಸ್‌ಮಿಟರಿಗೂ ಕೇಬಲಿಗೂ ತೊಂದರೆಯಿಲ್ಲ.

ಪ್ರಶ್ನೆ: ಮದ್ದೂರಿನ ಸಮೀಪದ ಹಳ್ಳಿಯಲ್ಲಿದ್ದೇನೆ. ನಾನು ಕಳಿಸುವುದು ದೂರದವರಿಗೆ ಕೇಳುತ್ತದೆ, ಆದರೆ 80 ಮೀಟರ್ ಬ್ಯಾಂಡಿನಲ್ಲಿ ನನಗೆ ಗದ್ದಲದ ಹೊರತು ಏನೂ ಕೇಳುವುದಿಲ್ಲ. ಆಂಟೆನಾವನ್ನು ಇನ್ನೂ ಎತ್ತರಿಸಬೇಕೆ?

ಉತ್ತರ: ಮೊದಲು ಗದ್ದಲ ಎಲ್ಲಿಯದೆಂದು ನೋಡಿ. ರೇಡಿಯೊವನ್ನು ಬ್ಯಾಟರಿಯ ಮೇಲೆ ಓಡಿಸುತ್ತ, ಮನೆಯ ಮೇನ್ ಸ್ವಿಚ್ ಆರಿಸಿ. ಗದ್ದಲ ಇಳಿದರೆ ಕಾರಣ ಮನೆಯೊಳಗೇ ಇದೆ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಯುಪಿಎಸ್, ಸೋಲಾರ್ ಇನ್ವರ್ಟರು. ಇಳಿಯದಿದ್ದರೆ ಹೊರಗಿನ ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿಯೋ ತಂತಿಯ ಸಡಿಲ ಜೋಡಣೆಯಲ್ಲಿಯೋ ಕಿಡಿ ಹಾರುತ್ತಿರಬಹುದು. ಏಪ್ರಿಲ್ ಮೇ ತಿಂಗಳುಗಳ ಸಂಜೆಯ ಗುಡುಗಿನ ಗದ್ದಲಕ್ಕೆ ಮಾತ್ರ ಯಾವ ಸ್ವಿಚ್ಚೂ ಇಲ್ಲ.

ಕಳಿಸಲು ಒಂದು, ಕೇಳಲು ಇನ್ನೊಂದು ಆಂಟೆನಾ ಇರಬೇಕೆಂಬುದು ಕೆಳ ಬ್ಯಾಂಡಿನವರ ಹಳೆಯ ಅನುಭವ. ಕೇಳುವ ಆಂಟೆನಾದ ಗೇನ್ ಎಷ್ಟೇ ಕಡಿಮೆಯಿರಲಿ ಚಿಂತೆಯಿಲ್ಲ, ಏಕೆಂದರೆ ಸಿಗ್ನಲ್ ಮತ್ತು ಗದ್ದಲ ಎರಡೂ ಒಟ್ಟಿಗೆ ತಗ್ಗುತ್ತವೆ. ಬೇಡದ ದಿಕ್ಕುಗಳಿಗೆ ಅದು ಕಿವುಡಾಗಿದೆಯೇ ಎಂಬುದನ್ನು ಮಾಡೆಲಿನಲ್ಲಿ ನೋಡಬೇಕು. ಹೊಲವಿರುವವರಿಗೆ ಬೆವರೇಜ್ ಆಂಟೆನಾ ಇದೆ. ಹೆರಾಲ್ಡ್ ಬೆವರೇಜ್ ಎಂಬ ಅಮೆರಿಕದ ಎಂಜಿನಿಯರು 1920ರ ಆಸುಪಾಸಿನಲ್ಲಿ ರೂಪಿಸಿದ್ದು. ಬದುವಿನ ಮೇಲೆ 2 ಮೀಟರ್ ಎತ್ತರದ ಬಿದಿರು ಗೂಟಗಳ ಮೇಲೆ ಒಂದು ತರಂಗಾಂತರ, ಅಂದರೆ 80 ಮೀಟರ್ ಬ್ಯಾಂಡಿಗೆ ಸುಮಾರು 85 ಮೀಟರ್ ಅಥವಾ ಇನ್ನೂ ಉದ್ದದ ತಂತಿಯನ್ನು ಎಳೆದು, ದೂರದ ತುದಿಯಲ್ಲಿ ಸುಮಾರು 450 ಓಮ್ ರೋಧದ ಮೂಲಕ ನೆಲಕ್ಕೆ ಜೋಡಿಸಿದರೆ, ಆ ತುದಿಯ ಕಡೆಯಿಂದ ಬರುವುದನ್ನು ಅದು ಆರಿಸಿ ಕೇಳುತ್ತದೆ. ನಮ್ಮಲ್ಲಿಂದ ಯುರೋಪಿಗೆ ವಾಯವ್ಯ, ಜಪಾನಿಗೆ ಈಶಾನ್ಯ. ಈ ಆಂಟೆನಾ ನೆಲ ಅಷ್ಟೇನೂ ಒಳ್ಳೆಯದಲ್ಲದ ಕಡೆಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಗದ್ದೆಗಿಂತ ಖುಷ್ಕಿ ಹೊಲವನ್ನು ಆರಿಸಿ. ಜಾಗವಿಲ್ಲದಿದ್ದರೆ, ತಿರುಗಿಸಬಹುದಾದ ಒಂದು ಸಣ್ಣ ಲೂಪ್ ಮಾಡಿ, ಗದ್ದಲದ ಮೂಲದ ಕಡೆಗೆ ಅದರ ಕಿವುಡು ದಿಕ್ಕನ್ನು ಹಿಡಿದು ನೋಡಿ.

ಪ್ರಶ್ನೆ: ಮಾಡೆಲಿನಲ್ಲಿ ಬಂದ ಉದ್ದಕ್ಕೇ ತಂತಿ ಕತ್ತರಿಸಿ 40 ಮೀಟರ್ ಡೈಪೋಲ್ ಕಟ್ಟಿದೆ. ಅಳೆದರೆ 7.1ರ ಬದಲು 6.9 ಮೆಗಾಹರ್ಟ್ಸಿನಲ್ಲಿ ಅನುರಣಿಸುತ್ತಿದೆ. ಮಾಡೆಲಿನ ಲೆಕ್ಕ ತಪ್ಪೇ? (ವಿಜಯನಗರ, ಮೈಸೂರು)

ಉತ್ತರ: ನೀವು ಪಿವಿಸಿ ಹೊದಿಕೆಯ ವೈರಿಂಗ್ ತಂತಿ ಬಳಸಿದ್ದೀರೆಂದು ಬರೆದಿದ್ದೀರಿ, ಕಾರಣ ಅದೇ. ಹೊದಿಕೆ ಅಲೆಯನ್ನು ಸ್ವಲ್ಪ ನಿಧಾನಗೊಳಿಸುವುದರಿಂದ ತಂತಿ ಇರುವುದಕ್ಕಿಂತ ಕೆಲವು ಶೇಕಡಾ ಉದ್ದವಾಗಿರುವಂತೆ ವರ್ತಿಸುತ್ತದೆ, ಮತ್ತು ನಿಮ್ಮ ಮಾಡೆಲಿನಲ್ಲಿ ಇದ್ದದ್ದು ಬರಿಯ ತಾಮ್ರ. ಈಗಿನ 20.14 ಮೀಟರನ್ನು 6.9ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 19.57 ಮೀಟರ್ ಬರುತ್ತದೆ, ಅಂದರೆ ಪ್ರತಿ ತೋಳಿನಲ್ಲಿ ಸುಮಾರು 28 ಸೆಂಟಿಮೀಟರ್ ಕಡಿಮೆ ಮಾಡಬೇಕು. ಅದಕ್ಕೂ ಮುನ್ನ ಫೀಡ್ ಬಿಂದುವಿನಲ್ಲಿ ಚೋಕ್ ಇದೆಯೇ ನೋಡಿ. 31ನೆಯ ಮಿಶ್ರಣದ ದೊಡ್ಡ ಫೆರೈಟ್ ಬಳೆಯ ಮೇಲೆ ಕೋಆಕ್ಸನ್ನು 10ರಿಂದ 12 ಸುತ್ತು ಸುತ್ತಿದರೆ ಸಾಕು. ಚೋಕ್ ಇಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾದ ಭಾಗವಾಗಿ, ಕೇಬಲನ್ನು ಅತ್ತಿತ್ತ ಸರಿಸಿದಾಗಲೆಲ್ಲ ಅಳತೆ ಬದಲಾಗುತ್ತದೆ. ಕಡಿಮೆ ಮಾಡುವಾಗ ತಂತಿಯನ್ನು ಕತ್ತರಿಸದೆ, ತುದಿಯನ್ನು ಇನ್ಸುಲೇಟರಿನಿಂದ ಹಿಂದಕ್ಕೆ ಮಡಚಿ ಅದೇ ತಂತಿಗೆ ಒತ್ತಾಗಿ ಸುತ್ತಿ. ಆಂಟೆನಾ ಅಳೆಯುವ ಚಿಕ್ಕ ಉಪಕರಣವಾದ ನ್ಯಾನೊವಿಎನ್‌ಎಯಲ್ಲಿ ಮತ್ತೆ ನೋಡಿ. ಒಮ್ಮೆ ಮಳೆಯಲ್ಲಿ ನೆನೆದಾಗಲೂ ಒಣಗಿದಾಗಲೂ ಅಳತೆ ಬ್ಯಾಂಡಿನೊಳಗೇ ಇದೆ ಎಂದು ಖಚಿತವಾದ ನಂತರ ಮಡಚಿದ ತುದಿಯನ್ನು ಟೇಪು ಸುತ್ತಿ ಭದ್ರಪಡಿಸಬಹುದು.